ಬಿಸಿಲಿಗೆ ಹಾಕಿದ ಬೂಚು

ಭಾಲ್ಕಿ, ಹೊರಡುವ ಮುಂಚೆ

ನಾನು ಜರ್ಮನಿಗೆ ಹೋದದ್ದು ದೇಶ ನೋಡಲಿಕ್ಕಲ್ಲ, ಬಾಣಂತನ ಮಾಡಲಿಕ್ಕೆ. ಅಲ್ಲಿ ದೊಡ್ಡ ದೊಡ್ಡ ಚರ್ಚುಗಳು, ಕೋಟೆ, ನದಿ ಎಲ್ಲ ಇವೆಯಂತೆ. ನಾನು ನೋಡಿದ್ದು ಒಂದು ಹಸಿಗೂಸು, ಎರಡು ಕೋಣೆ, ಒಂದು ನೆಲಮಾಳಿಗೆ ಮತ್ತು ಅದರ ಗೋಡೆಗೆ ಬಿಗಿದ ಒಂದು ಬಿಳಿ ಡಬ್ಬಿ. ಆ ಡಬ್ಬಿ ನೋಡಿದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವ ಮೊದಲೇ ಬರೆದುಬಿಡಬೇಕೆಂದು ಕೂತಿದ್ದೇನೆ. ಸಮಾಧಾನವಾದ ಮೇಲೆ ಬರೆದರೆ ಎಲ್ಲರನ್ನೂ ಕ್ಷಮಿಸಿಬಿಡುತ್ತೇನೆ ಎಂಬ ಭಯ ನನಗಿದೆ.

ನನ್ನ ತಂಗಿ ಸವಿತಾ ಅಲ್ಲಿನ ಒಂದು ಸಣ್ಣ ಊರಿನ ಆಸ್ಪತ್ರೆಯಲ್ಲಿ ನರ್ಸ್. ಅವಳ ಗಂಡನಿಗೂ ಅದೇ ಆಸ್ಪತ್ರೆಯಲ್ಲಿ ಕೆಲಸ. ನಮ್ಮ ಅವ್ವ ಇಲ್ಲ, ಚೊಚ್ಚಲ ಬಾಣಂತನಕ್ಕೆ ನಾನಲ್ಲದೆ ಇನ್ನಾರು ಹೋಗಬೇಕು? ಪುಣ್ಯಾತ್ಗಿತ್ತಿ ಸರಿಯಾಗಿ ದಸರಾ ರಜೆಗೆ ಹೆತ್ತಳು. ನಾನು ಭಾಲ್ಕಿಯ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಹತ್ತನೆಯ ತರಗತಿಗೆ ವಿದ್ಯುತ್ತಿನ ಪಾಠ ಮಾಡುವವಳು.

ಹೋಗಲು ನನಗೆ ಮನಸ್ಸಿರಲಿಲ್ಲ. ನನ್ನ ಗಂಡ ಪ್ರಕಾಶ ಬೇಳೆ ಮಿಲ್ಲಿನಲ್ಲಿ ಬಹಳ ವರ್ಷ ಮೇಲ್ವಿಚಾರಕರಾಗಿದ್ದವರು. ಆ ಧೂಳೋ ಇನ್ನೇನೋ, ಅವರ ಶ್ವಾಸಕೋಶ ಗಟ್ಟಿಯಾಗುತ್ತ ಬಂದಿದೆ. ದಿನದ ಹೆಚ್ಚು ಹೊತ್ತು ಮೂಗಿಗೆ ನಳಿಗೆ ಬೇಕು. ಗಾಳಿಯಿಂದಲೇ ಆಮ್ಲಜನಕ ಸೋಸಿ ಕೊಡುವ ಯಂತ್ರವೊಂದು ಮಂಚದ ಪಕ್ಕದಲ್ಲಿದೆ. ಮನೆಯಲ್ಲಿ ಅದಕ್ಕೆ ನಾವು ಬರೀ ಮಿಷನ್ ಎನ್ನುತ್ತೇವೆ. ಅದು ನಡೆಯುವುದು ಕರೆಂಟಿನ ಮೇಲೆ. ಅಂದರೆ ಭಾಲ್ಕಿಯ ಕರೆಂಟಿನ ಮೇಲೆ.

ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿದ್ದು ಈ ಮಿಷನ್ನಿಗಾಗಿಯೇ. ಬೀದರಿನಿಂದ ಬಂದ ಸೋಲಾರಿನವನು ಮಂಚದ ಪಕ್ಕದಲ್ಲಿ ನಿಂತು ಚಹಾ ಕುಡಿದ, ಮಿಷನ್ ನೋಡಿದ, ಪಾಪ ಅಂದ. ನಮ್ಮಲ್ಲಿ ಆಗ ಒಂದು ಹಳೆಯ ಇನ್ವರ್ಟರ್, ಬ್ಯಾಟರಿ ಇದ್ದವು.

"ಇನ್ನ ಇದು ಯಾಕ ಬೇಕ್ರಿ ಮೇಡಂ? ಮ್ಯಾಲ ಸೂರ್ಯಾನೇ ಬಂದು ಕೂತಾನ," ಎಂದು ಅವೆರಡನ್ನೂ ಎಕ್ಸ್‌ಚೇಂಜಿನಲ್ಲಿ ಒಯ್ದ.

ಮೇ ತಿಂಗಳ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮಾಳಿಗೆಯ ಮೇಲೆ ಕಾಲಿಡಲಾಗದಷ್ಟು ಬಿಸಿಲು. ಸೋಲಾರ್ ಹಲಗೆಗಳು ಕಣ್ಣು ಕುಕ್ಕುವ ಹಾಗೆ ಹೊಳೆಯುತ್ತಿದ್ದವು. ಕೆಳಗೆ ಮಿಷನ್ ಒಂದು ಸಲ ಕೂಗಿ ಸುಮ್ಮನಾಯಿತು. ನಾನು ಗಾಬರಿಯಿಂದ ಸೋಲಾರಿನವನಿಗೆ ಫೋನ್ ಮಾಡಿದೆ.

"ಲೈನ್ ಹೋದ್ರ ಸೋಲಾರೂ ಬಂದ್ ಆಗ್ತದ್ರಿ ಮೇಡಂ. ರೂಲೇ ಹಂಗದ. ಕಂಬದ ಮ್ಯಾಲಿನ ಲೈನ್‌ಮನ್‌ಗೆ ಶಾಕ್ ಹೊಡಿಬಾರದಲ್ರಿ," ಎಂದ.

ಲೈನ್‌ಮನ್ ಬದುಕಲಿ, ನೂರು ವರ್ಷ ಬದುಕಲಿ. ಆದರೆ ಈ ರೂಲು ನಮ್ಮ ಬ್ಯಾಟರಿಯನ್ನು ಹೊತ್ತೊಯ್ಯುವ ದಿನ ಇವನ ಬಾಯಿಗೆ ಯಾಕೆ ಬರಲಿಲ್ಲ? ಆ ದಿನ ಆಟೋದಲ್ಲಿ ಅವರನ್ನು ಆಸ್ಪತ್ರೆಗೆ ಒಯ್ದು ಸಿಲಿಂಡರ್ ಹಚ್ಚಿಸಿದೆವು. ಆಮೇಲೆ ಮತ್ತೊಂದು ಇನ್ವರ್ಟರ್, ಹೊಸ ಬ್ಯಾಟರಿ ತಂದೆ. ಅದು ಮಿಷನ್ನನ್ನು ಎರಡು ತಾಸು ನಡೆಸುತ್ತದೆ, ಮುಗಿಯಿತು. ಮೇಲಿನ ಸೋಲಾರಿಗೂ ಕೆಳಗಿನ ಬ್ಯಾಟರಿಗೂ ಸಂಬಂಧವೇ ಇಲ್ಲ, ಒಂದೇ ಮನೆಯಲ್ಲಿ ಮಾತು ಬಿಟ್ಟ ಅತ್ತೆ ಸೊಸೆಯರ ಹಾಗೆ.

ನಾನು ಹೊರಡುವ ಹಿಂದಿನ ದಿನ ಔರಾದಿನಿಂದ ನಾದಿನಿ ಪ್ರಭಾವತಿ ಬಂದಳು. ಅಂಗನವಾಡಿ ಟೀಚರ್, ಗಟ್ಟಿ ಹೆಂಗಸು.

"ನೀವು ನಿಶ್ಚಿಂತಿ ಹೋಗ್ರಿ ವೈನಿ. ಅಣ್ಣನ ಮಿಷನ್ ಬಿಟ್ಟು ನಾ ಅಲ್ಲಾಡಂಗಿಲ್ಲ," ಎಂದಳು.

ನನ್ನ ಗಂಡ ನಳಿಗೆ ಸರಿಮಾಡಿಕೊಳ್ಳುತ್ತ, "ಅಲ್ಲಿ ಕೂಸು ಹುಟ್ಟ್ಯಾದ, ಹೋಗು. ನಾ ಇನ್ನೂ ಉಸಿರಾಡ್ಲಕತ್ತೀನಿ," ಎಂದರು. ಇದು ಅವರ ತಮಾಷೆ. ನನಗೆ ನಗು ಬರಲಿಲ್ಲ.

ಇಳಿದ ದಿನ

ಸವಿತಾ ಇರುವುದು ಹೆಲ್ಗಾ ಎಂಬ ಹೆಂಗಸಿನ ಮನೆಯ ಮೇಲಂತಸ್ತಿನಲ್ಲಿ ಬಾಡಿಗೆಗೆ. ಹೆಲ್ಗಾಗೆ ಅರವತ್ತರ ಆಸುಪಾಸು, ಊರಿನ ಬಸ್ ಓಡಿಸುತ್ತಾಳೆ. ನಮ್ಮ ಬಸ್ಸುಗಳ ಡ್ರೈವರಂತೆ ಅವಳಿಗೂ ದೊಡ್ಡ ಧ್ವನಿ. ಅವಳ ಜರ್ಮನ್ ನನಗೆ ಬಾರದು, ನನ್ನ ಕನ್ನಡ ಅವಳಿಗೆ ಬಾರದು. ಸವಿತಾ ಹಾಸಿಗೆಯ ಮೇಲೆ ಮಲಗಿಕೊಂಡೇ ಇಬ್ಬರ ನಡುವೆ ಅನುವಾದ ಮಾಡುತ್ತಿದ್ದಳು.

ಹೊರಗೆ ಹಲ್ಲು ಕಟಕಟಿಸುವ ಚಳಿ. ಒಳಗೆ ಬಂದು ಬೂಟು ಬಿಚ್ಚಿದರೆ ನೆಲವೇ ಬೆಚ್ಚಗೆ. ಒಲೆ ಇಲ್ಲ, ಕೆಂಡ ಇಲ್ಲ, ಹೊಗೆ ಇಲ್ಲ. ಬಾಣಂತಿಯ ಅಂಗಾಲಿಗೆ ತಂಪು ತಗಲಬಾರದು ಎಂದು ನಮ್ಮ ಅವ್ವ ಕಂಬಳಿ ಹಾಸಿ ಹಾಸಿ ಸಾಕಾಗುತ್ತಿದ್ದಳು. ಇಲ್ಲಿ ನೆಲವೇ ಆ ಕೆಲಸ ಮಾಡುತ್ತಿತ್ತು. ದೇಶ ಒಳ್ಳೆಯದು ಎಂದು ಮೊದಲ ಹತ್ತು ನಿಮಿಷಕ್ಕೇ ತೀರ್ಪು ಕೊಟ್ಟೆ.

ಮರುದಿನ ಬೆಳಿಗ್ಗೆ ಹಿತ್ತಿಲಲ್ಲಿ ನೋಡುತ್ತೇನೆ, ನಮ್ಮ ಕೂಲರಿನಷ್ಟು ದೊಡ್ಡ ಪೆಟ್ಟಿಗೆಯೊಂದು, ಒಳಗೆ ಫ್ಯಾನು ತಿರುಗುತ್ತಿದೆ. ಬೀದರಿನ ಅಂಗಡಿಗಳ ಹಿಂದೆ ಏಸಿಯ ಪೆಟ್ಟಿಗೆ ಬಿಸಿಗಾಳಿ ಊದುವುದನ್ನು ನೋಡಿ ಬೆಳೆದವಳು ನಾನು. ಇದೂ ಅದೇ ಎಂದುಕೊಂಡು ಕೂಸಿನ ಹನ್ನೆರಡು ಲಂಗೋಟಿಗಳನ್ನು ಅದರ ಎದುರಿಗೆ ಹಗ್ಗ ಕಟ್ಟಿ ಒಣಹಾಕಿದೆ. ಮಧ್ಯಾಹ್ನ ಹೋಗಿ ಮುಟ್ಟಿದರೆ ಮಂಜುಗಡ್ಡೆಯಂತೆ ತಣ್ಣಗಿವೆ. ಹಾಕಿದಾಗ ಇದ್ದದ್ದಕ್ಕಿಂತ ಹೆಚ್ಚು ಒದ್ದೆ.

ಹೆಲ್ಗಾ ಕಿಟಕಿಯಿಂದ ನೋಡಿ ಹೊರಗೆ ಬಂದಳು. ನಗುತ್ತ ಲಂಗೋಟಿಗಳನ್ನೆಲ್ಲ ಒಂದೊಂದಾಗಿ ಬಿಡಿಸಿ ನನ್ನ ಕೈಗಿಟ್ಟಳು.

"ಅಕ್ಕಾ, ಅದು ಹೀಟ್ ಪಂಪ್," ಎಂದಳು ಸವಿತಾ. "ಹೊರಗಿನ ಗಾಳಿದಾಗಿಂದು ಶಾಖಾ ಎಳಕೊಂಡು ಒಳಗ ಒಯ್ತದ. ಶಾಖಾ ಕಳಕೊಂಡ ಗಾಳಿ ಹೊರಗ ಊದ್ತದ. ಫ್ರಿಜ್ ಇರ್ತದಲ್ಲ, ಅದು ಉಲ್ಟಾ."

ಅಷ್ಟು ಚಳಿಯ ಗಾಳಿಯಲ್ಲೂ ಕದಿಯುವಷ್ಟು ಶಾಖ ಉಂಟೇ? ಉಂಟು. ಪುಸ್ತಕದಲ್ಲಿ ನಾನೇ ಓದಿಸಿದ್ದೇನೆ. ಓದಿಸುವುದು ಬೇರೆ, ಹನ್ನೆರಡು ಒದ್ದೆ ಲಂಗೋಟಿ ಹಿಡಿದು ನಿಲ್ಲುವುದು ಬೇರೆ.

ನಾಲ್ಕನೆಯ ದಿನ, ನೀರು

ಬಾಣಂತಿಗೆ ಎರೆಯುವ ನೀರು ಹೇಗಿರಬೇಕು? ಎರೆಯುವವಳ ಕೈ ಕೆಂಪಾಗಬೇಕು. ಹೆಲ್ಗಾಳ ಮನೆಯ ನಲ್ಲಿಯಲ್ಲಿ ಬರುವುದು ಮರ್ಯಾದಸ್ತ ಬಿಸಿನೀರು. ಆ ಹೀಟ್ ಪಂಪು ಅದಕ್ಕಿಂತ ಹೆಚ್ಚು ಕಾಯಿಸುವುದಿಲ್ಲವಂತೆ, ಕಾಯಿಸಿದರೆ ಕರೆಂಟು ದಂಡ. ನಾನು ಕೇಳಬೇಕಲ್ಲ. ನಾಲ್ಕು ಪಾತ್ರೆ ನೀರನ್ನು ಕರೆಂಟಿನ ಒಲೆಯ ಮೇಲಿಟ್ಟು ಕುದಿಸಿದೆ, ಸವಿತಾಗೆ ಎಣ್ಣೆ ತಿಕ್ಕಿ ಎರೆದೆ. ಆಮೇಲೆ ಊರಿನಿಂದ ಒಯ್ದಿದ್ದ ಲೋಬಾನದ ಹೊಗೆ ಹಾಕಿದೆ.

ಮೊದಲು ಚಾವಣಿಯ ಮೇಲಿನ ಹೊಗೆ ಗಂಟೆ ಚೀರಿತು. ಅದರ ಹಿಂದೆಯೇ ಕೂಸು ಚೀರಿತು. ಹೆಲ್ಗಾ ಮೆಟ್ಟಿಲು ಹತ್ತಿ ಓಡಿ ಬಂದಳು. ಅವಳು ಬಂದದ್ದು ಬರೀ ಹೊಗೆಗಲ್ಲ. ಕೈಯಲ್ಲಿ ಫೋನಿತ್ತು. ಮನೆಯ ಸೋಲಾರ್ ಬ್ಯಾಟರಿ ಬೆಳಿಗ್ಗೆ ಬೆಳಿಗ್ಗೆಯೇ ಬರಿದಾಗಿದೆ, ಮೇಲೆ ಯಾವ ಕಾರ್ಖಾನೆ ನಡೆಸಿದ್ದೀರಿ ಎಂದು ಕೇಳಲು ಬಂದಿದ್ದಳು. ನಾಲ್ಕು ಪಾತ್ರೆ ತೋರಿಸಿದೆ. ಅವಳು ನೀರಿಗೆ ಬೆರಳದ್ದಿ ಹೌಹಾರಿ ತೆಗೆದು, ಸವಿತಾಳನ್ನು ಕನಿಕರದಿಂದ ನೋಡಿದಳು.

ಅಲ್ಲಿಂದ ನಮ್ಮಿಬ್ಬರಿಗೆ ಒಂದು ಒಪ್ಪಂದವಾಯಿತು. ಬಿಸಿಲು ಬಿದ್ದ ಮೇಲೆ ಎರೆಯುವುದು. ಆ ಊರಿನವರಿಗೆ ಬಿಸಿಲು ಎಂದರೆ ಮನೆಗೆ ಬಂದ ಬೀಗರು. ಮೋಡ ಸರಿಯಿತೆಂದರೆ ಹೆಲ್ಗಾ ಕೈಯಲ್ಲಿದ್ದ ಬ್ರೆಡ್ಡು ಬಿಟ್ಟು ಎದ್ದು ಬಟ್ಟೆ ತೊಳೆಯುವ ಯಂತ್ರ ಹಚ್ಚುತ್ತಾಳೆ, ಕೆಳಗಿನಿಂದ ನನ್ನನ್ನು ಕೂಗುತ್ತಾಳೆ, ನಾನು ಪಾತ್ರೆ ಇಡುತ್ತೇನೆ. ಸೂರ್ಯ ಕೊಟ್ಟಾಗ ಕೆಲಸ, ಉಳಿದದ್ದು ಬ್ಯಾಟರಿಗೆ, ಸಂಜೆ ಅದರಿಂದ ದೀಪ, ಅಡುಗೆ, ಬೆಚ್ಚನೆ ನೆಲ. ಗ್ಯಾಸು ತರಿಸುವುದಿಲ್ಲ, ಎಣ್ಣೆ ತರಿಸುವುದಿಲ್ಲ. ಯಾವ ದೇಶ ಎಲ್ಲಿ ಯುದ್ಧ ಮಾಡಿದರೂ ನನ್ನ ಕಾಲು ತಣ್ಣಗಾಗಬಾರದು ಎಂದು ಇದನ್ನೆಲ್ಲ ಮಾಡಿಸಿದೆ ಎಂದಳು ಹೆಲ್ಗಾ.

ಅಷ್ಟು ಸಣಕಲು ಬಿಸಿಲು ಅದು. ನಮ್ಮಲ್ಲಿ ಅದನ್ನು ಬಿಸಿಲೆಂದು ಕರೆಯುವುದೇ ಇಲ್ಲ. ನಮ್ಮ ಭಾಲ್ಕಿ ಪಕ್ಕದ ಭಾತಂಬ್ರಾದ ಹೊಲಗಳಲ್ಲಿ ಬೀಳುವ ಬಿಸಿಲಿನ ಕಾಲುಭಾಗ ಸಿಕ್ಕಿದ್ದರೆ ಇವರು ಏನು ಮಾಡುತ್ತಿದ್ದರೋ. ನಾವು ಮೂರು ಫೇಸ್ ಯಾವಾಗ ಬರುತ್ತದೆಂದು ಲೈನ್‌ಮನ್‌ನ ಬಾಯಿ ನೋಡುತ್ತೇವೆ. ನನಗೆ ಹೊಟ್ಟೆಕಿಚ್ಚಾಯಿತು. ಸಭ್ಯವಾಗಿ ಬರೆಯಬೇಕೆಂದರೆ ಬೇರೆ ಪದ ಹುಡುಕಬಹುದು, ಆದರೆ ಆದದ್ದು ಹೊಟ್ಟೆಕಿಚ್ಚೇ.

ಒಂಬತ್ತನೆಯ ದಿನ, ಕೆಂಪು ಸ್ವಿಚ್ಚು

ಆ ದಿನ ಕೂಸನ್ನು ತೋರಿಸಲು ದೂರದ ದೊಡ್ಡಾಸ್ಪತ್ರೆಗೆ ಹೋಗಬೇಕಿತ್ತು. ಹೆಲ್ಗಾ ಬೆಳಿಗ್ಗೆಯೇ ಡ್ಯೂಟಿಗೆ ಹೋಗಿದ್ದಳು. ಸವಿತಾ, ಅವಳ ಗಂಡ, ಕೂಸು ಕಾರಿನಲ್ಲಿ ಕೂತರು. ಕೊನೆಗೆ ಮನೆಯಿಂದ ಹೊರಬಿದ್ದವಳು ನಾನು.

ನಮ್ಮ ಕಡೆ ಇಡೀ ದಿನ ಮನೆ ಬಿಟ್ಟು ಹೋಗುವಾಗ ಮಾಡುವ ಕೆಲಸ ಮೂರು. ಗ್ಯಾಸ್ ಬಂದ್ ಮಾಡುವುದು, ನಲ್ಲಿ ನೋಡುವುದು, ಮೇನ್ ಇಳಿಸುವುದು. ಮೇನ್ ಇಳಿಸದೆ ಊರಿಗೆ ಹೋದರೆ ಬಸ್ಸಿನಲ್ಲಿ ಕೂತರೂ ಜೀವ ಮನೆಯಲ್ಲೇ ಇರುತ್ತದೆ. ಕರೆಂಟು ಹೋಗಿ ಬರುವಾಗ ಒಮ್ಮೆಲೆ ಏರಿ ಬಂದು ಟಿವಿ, ಫ್ರಿಜ್ಜು ಸುಟ್ಟ ಮನೆಗಳು ನಮ್ಮ ಓಣಿಯಲ್ಲೇ ಎಷ್ಟಿವೆ. ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ಮೀಟರು, ಅದರ ಕೆಳಗೆ ದೊಡ್ಡ ಕೆಂಪು ಸ್ವಿಚ್ಚು ಇರುವುದನ್ನು ನಾನು ಬಂದ ದಿನವೇ ಕಂಡುಕೊಂಡಿದ್ದೆ. ಕೈ ತಾನಾಗಿ ಹೋಯಿತು. ಟಕ್ ಎಂದು ಇಳಿಸಿ, ಬಾಗಿಲೆಳೆದು ಬಂದು ಕಾರು ಹತ್ತಿದೆ. ಬೇರೆಯವರ ಮನೆಯಲ್ಲೂ ಜವಾಬ್ದಾರಿ ಮರೆಯದವಳು ಎಂದು ನನ್ನ ಬಗ್ಗೆ ನನಗೇ ಹೆಮ್ಮೆ.

ಸಂಜೆ ಮರಳುವಾಗ ದಾರಿಯಲ್ಲಿ ಈ ಮಾತು ಹೇಳಿದೆ. ಸವಿತಾಳ ಮುಖ ಬಿಳುಚಿತು.

"ಅಕ್ಕಾ, ಅದು ಇಡೀ ಮನಿದು. ಹೆಲ್ಗಾಂದು ಫ್ರೀಜರ್ ತುಂಬ ಮಾಂಸ ಅದ. ನೆಲಾ ಎಲ್ಲಾ ತಣ್ಣಗಾಗಿ ಹೋಗಿರ್ತದ. ಏನ್ ಮಾಡಿದಿ ನೀ?"

ನಾಚಿಕೆಯಿಂದ ಕುಗ್ಗಿ ಕೂತೆ. ಮನೆ ಹತ್ತಿರವಾಯಿತು. ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು. ಒಳಗೆ ಹೋದರೆ ನೆಲ ಬೆಚ್ಚಗೆ, ಫ್ರಿಜ್ಜಿನ ಗುಂಯ್ ಸದ್ದು. ಯಾರೋ ಸ್ವಿಚ್ಚು ಏರಿಸಿರಬೇಕೆಂದು ಕಪಾಟು ತೆಗೆದು ನೋಡಿದೆ. ಸ್ವಿಚ್ಚು ನಾನು ಇಳಿಸಿದ ಹಾಗೆಯೇ ಇಳಿದಿತ್ತು. ವಿಜ್ಞಾನದ ಟೀಚರ್ ಆದ ನನಗೆ ಒಂದು ಕ್ಷಣ ದೆವ್ವದ ಮನೆಯೇನೋ ಅನಿಸಿದ್ದು ನಿಜ.

ಹೆಲ್ಗಾ ಕೆಲಸದಿಂದ ಬಂದವಳು ಸಿಟ್ಟಾಗಲಿಲ್ಲ. ಅವಳ ಫೋನು ಬೆಳಿಗ್ಗೆಯೇ ತಿಳಿಸಿತ್ತಂತೆ, ಮನೆ ಹೊರಗಿನ ಲೈನು ಬಿಟ್ಟು ಒಂಟಿಯಾಗಿ ನಡೆದಿದೆ ಎಂದು. ಕಂಬದಲ್ಲಿ ಏನೋ ಕೆಟ್ಟಿರಬೇಕು, ಬ್ಯಾಟರಿ ಇದೆಯಲ್ಲ ಎಂದುಕೊಂಡು ಅವಳು ಬಸ್ ಓಡಿಸಿಕೊಂಡೇ ಇದ್ದಳು. ಕೆಡಿಸಿದ್ದು ಕಂಬವಲ್ಲ, ಭಾಲ್ಕಿ ಎಂದು ಗೊತ್ತಾದಾಗ ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೇನ್ ಯಾಕೆ ಇಳಿಸುತ್ತೀರಿ ಎಂದು ಕೇಳಿದಳು. ಹೇಳಿದೆ. ಅವಳಿಗೆ ಅರ್ಥವಾಗಲಿಲ್ಲ. ಕರೆಂಟು ಹೋಗುವುದು, ಏರಿಬರುವುದು, ಇವು ಅವಳ ಬದುಕಿನಲ್ಲಿ ಇಲ್ಲ.

"ಹ್ಯಾಂಗ ನಡೀತು, ತೋರಸ್ಲಿಕ್ಕೆ ಹೇಳು," ಎಂದೆ ಸವಿತಾಗೆ. ಲೈನು ಹೋದರೆ ಸೋಲಾರು ನಿಲ್ಲಲೇಬೇಕು, ಅದು ರೂಲು ಎಂದಲ್ಲವೇ ನಾನು ನಂಬಿಕೊಂಡದ್ದು?

ಹೆಲ್ಗಾ ನನ್ನನ್ನು ನೆಲಮಾಳಿಗೆಗೆ ಕರೆದೊಯ್ದಳು. ಗೋಡೆಯ ಮೇಲೆ ಸೋಲಾರಿನ ಕರೆಂಟನ್ನು ಮನೆಗೆ ಒಪ್ಪುವಂತೆ ಮಾಡುವ ಬಿಳಿ ಡಬ್ಬಿ, ಮೂಲೆಯಲ್ಲಿ ಹಸಿರು ದೀಪ. ನನ್ನ ಮನೆಯ ಮಾಳಿಗೆಯ ಮೆಟ್ಟಿಲ ಗೋಡೆಯ ಮೇಲೆ ಇರುವುದು ಇದೇ ಡಬ್ಬಿ. ಇಂಥದ್ದಲ್ಲ, ಇದೇ. ಅದೇ ಕಂಪನಿ, ಅದೇ ಮುಖ, ಅದೇ ಹಸಿರು ದೀಪ. ಪ್ರತಿ ಭಾನುವಾರ ನಾನು ಒರೆಸುವ ಡಬ್ಬಿ.

ಅವಳು ಕೆಳಗೆ ಬಗ್ಗಿ ತೋರಿಸಿದಳು. ಡಬ್ಬಿಯ ತಳದಲ್ಲಿ ತಂತಿ ಸಿಕ್ಕಿಸುವ ಜಾಗಗಳು. ಒಂದು ಸೋಲಾರ್ ಹಲಗೆಗಳಿಂದ ಬರುವುದು, ಒಂದು ಹೊರಗಿನ ಲೈನಿಗೆ ಹೋಗುವುದು, ಒಂದು ಬ್ಯಾಟರಿಗೆ. ಇನ್ನೊಂದು ಬೇರೆ. ಲೈನು ಹೋದ ಕೂಡಲೇ ಡಬ್ಬಿ ತನ್ನನ್ನು ಕಂಬದಿಂದ ಪೂರ್ತಿ ಬಿಡಿಸಿಕೊಂಡು, ಇದೊಂದರಿಂದ ಮನೆಗೆ ಮಾತ್ರ ಕರೆಂಟು ಕೊಡುತ್ತದೆ. ಕಂಬದ ಮೇಲಿನ ಲೈನ್‌ಮನ್‌ಗೆ ಶಾಕಿಲ್ಲ, ಮನೆಯವರಿಗೆ ಕತ್ತಲಿಲ್ಲ. ಬ್ಯಾಟರಿ ಇಲ್ಲದಿದ್ದರೆ? ಎಂದು ಕೇಳಿಸಿದೆ. ಒಳ್ಳೆಯ ಬಿಸಿಲಿದ್ದರೆ ಬ್ಯಾಟರಿ ಇಲ್ಲದೆಯೂ ಒಂದೆರಡು ಸಣ್ಣ ಯಂತ್ರ ನಡೆಯುತ್ತವೆ, ಈ ಡಬ್ಬಿಗೆ ಆ ಗುಣವಿದೆ ಎಂದಳು.

ನನ್ನ ಮನೆಯ ಡಬ್ಬಿಯಲ್ಲಿ ಆ ಜಾಗದಲ್ಲಿ ಒಂದು ಕಪ್ಪು ಬೂಚು ಇದೆ. ಧೂಳು ಹೋಗದಿರಲಿ ಎಂದು ಕಂಪನಿಯವರೇ ಹಾಕಿದ್ದಾರೆ ಎಂದುಕೊಂಡು ಅದನ್ನೂ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದೆ.

ಮೇ ತಿಂಗಳ ಆ ಮಧ್ಯಾಹ್ನ ನೆನಪಾಯಿತು. ತಲೆಯ ಮೇಲೆ ಬೆಂಕಿಯಂಥ ಬಿಸಿಲು, ಕೆಳಗೆ ಉಸಿರಿಗೆ ಒದ್ದಾಡುವ ಮನುಷ್ಯ, ನಡುವೆ ಒಂದು ಬೂಚು. ಸೋಲಾರಿನವನ ಮೇಲೆ ಬಂದ ಸಿಟ್ಟಿನಷ್ಟೇ ನನ್ನ ಮೇಲೂ ಬಂತು. ನಾಲ್ಕು ತಂತಿಗೆ ಜಾಗವಿದೆ, ಮೂರನೆಯದೂ ನಾಲ್ಕನೆಯದೂ ಯಾಕೆ ಖಾಲಿ ಎಂದು ನನ್ನ ಹತ್ತನೆಯ ತರಗತಿಯ ದಡ್ಡ ಹುಡುಗಿಯಾದರೂ ಕೇಳುತ್ತಿದ್ದಳು. ನೆಲಮಾಳಿಗೆಯ ಮೆಟ್ಟಿಲ ಮೇಲೆ ಕೂತು ಅತ್ತೆ. ಹೆಲ್ಗಾ ಏನೂ ತಿಳಿಯದೆ ನನ್ನ ಬೆನ್ನು ಸವರುತ್ತ ನಿಂತಳು.

ವಿಜಯದಶಮಿ

ಮರುದಿನ ಪ್ರಭಾವತಿಗೆ ಹೇಳಿ ಡಬ್ಬಿಯ ತಳದ ಫೋಟೋ ತರಿಸಿದೆ. ಬೂಚು ಹಾಗೆಯೇ ಇತ್ತು. ನಮ್ಮ ಓಣಿಯ ಮಿಸ್ತ್ರಿ ಖದೀರ್ ಭಾಯಿಗೆ ಫೋನ್ ಮಾಡಿದೆ. ಅವರು ಮೋಟರು, ವೈರಿಂಗು ಎಲ್ಲ ಬಲ್ಲವರು. "ಹಬ್ಬ ಮುಗೀತಂದ್ರ ಬಂದು ನೋಡ್ತೇನ್ರಿ ಟೀಚರ್," ಎಂದರು. ಆಗಲಿ ಎಂದೆ. ಒತ್ತಾಯ ಮಾಡಬೇಕಿತ್ತು.

ಹಬ್ಬದ ಹಿಂದಿನ ರಾತ್ರಿ ಭಾಲ್ಕಿಯಲ್ಲಿ ಗುಡುಗು, ಸಿಡಿಲು, ಮಳೆ. ನಸುಕಿನಲ್ಲಿ ನಮ್ಮ ಓಣಿಯ ಟಿಸಿ ಸುಟ್ಟಿತು. ಟಿಸಿ ಎಂದರೆ ಟ್ರಾನ್ಸ್‌ಫಾರ್ಮರು. ಅದು ಸುಟ್ಟರೆ ಬದಲಿಯದು ಬರುವವರೆಗೆ ದಿನಗಟ್ಟಲೆ ಕಾಯಬೇಕೆಂದು ನಮ್ಮ ಕಡೆಯ ಎಲ್ಲರಿಗೂ ಗೊತ್ತು. ಬೆಳಗಿನ ಹೊತ್ತಿಗೆ ಬ್ಯಾಟರಿ ಮುಗಿಯಿತು. ಮನೆಯಲ್ಲಿಟ್ಟಿದ್ದ ಸಣ್ಣ ಸಿಲಿಂಡರ್ ಹಚ್ಚಿದರು. ನನಗೆ ಫೋನ್ ಬಂದಾಗ ಅಲ್ಲಿ ಹನ್ನೊಂದು ಗಂಟೆ, ಮಳೆ ತೊಳೆದ ಆಕಾಶ, ಚುರುಚುರು ಬಿಸಿಲು. ಜರ್ಮನಿಯಲ್ಲಿ ಆಗಷ್ಟೇ ಬೆಳಕು ಹರಿದಿತ್ತು.

ಧಮ್ಮದೀಕ್ಷೆಯ ದಿನವೆಂದು ಬಿಳಿ ಸೀರೆ ಉಟ್ಟು ಬುದ್ಧ ವಿಹಾರಕ್ಕೆ ಹೊರಟಿದ್ದ ಪ್ರಭಾವತಿ ಅದೇ ಸೀರೆಯಲ್ಲಿ ಮೆಟ್ಟಿಲ ಮೇಲೆ ಫೋನ್ ಹಿಡಿದು ನಿಂತಿದ್ದಳು. "ಸಿಲಿಂಡರ್ ಅರ್ಧಾ ಆಗ್ಯಾದ್ರಿ ವೈನಿ. ಖದೀರ್ ಭಾಯಿ ಬಂದಾರ."

ಹೆಲ್ಗಾ ಬಸ್ಸಿನ ಸಮವಸ್ತ್ರದಲ್ಲಿ ಡ್ಯೂಟಿಗೆ ಹೊರಟಿದ್ದವಳು ನಮ್ಮ ಗಲಾಟೆ ಕೇಳಿ ಮೇಲೆ ಬಂದಳು. ಸವಿತಾ ಒಂದು ಕೈಯಲ್ಲಿ ಕೂಸು ಹಿಡಿದು ಮಾತು ದಾಟಿಸಿದಳು. ಹೆಲ್ಗಾ ಹೇಳಿದ್ದು ಖದೀರ್ ಭಾಯಿಗೆ ಹೋಗುತ್ತಿತ್ತು. ಮೊದಲು ಎಲ್ಲ ಬಂದ್ ಮಾಡಿ, ಲೈನಿನ ತಂತಿ ಬಿಡಿಸಿ, ಬೂಚು ತೆಗೆದು ನೋಡಿ. ಖದೀರ್ ಭಾಯಿ ಗ್ಲೌಸು ಹಾಕಿಕೊಂಡು ಬೂಚು ತಿರುಗಿಸಿ ತೆಗೆದರು.

"ಒಳಗ ಪಿನ್ ಎಲ್ಲಾ ಹೊಸಾವ್ ಅವ್ರಿ ಟೀಚರ್. ಯಾರೂ ಮುಟ್ಟೇ ಇಲ್ಲ," ಎಂದರು. ಬೂಚಿನ ಜೊತೆ ಡಬ್ಬಿಯ ಹಿಂದೆ ಪ್ಲಾಸ್ಟಿಕ್ ಚೀಲದಲ್ಲಿ ಅದರ ಪ್ಲಗ್ಗೂ ಕಟ್ಟಿಟ್ಟಿದ್ದು ಸಿಕ್ಕಿತು. ಅದಕ್ಕೆ ತಂತಿ ಸೇರಿಸಿ, ಒಂದು ಸಾಕೆಟ್ ಹಚ್ಚಿ, ಮಿಷನ್ನಿನ ಹತ್ತಿರ ತಂದರು. ಮುಕ್ಕಾಲು ಗಂಟೆಯ ಕೆಲಸ.

"ಈಗ ಹಚ್ಚಿ," ಎಂದಳು ಹೆಲ್ಗಾ.

ಹಚ್ಚಿದರು. ಡಬ್ಬಿಗೆ ಜೀವ ಬಂತು. ಬ್ಯಾಕಪ್ ಚಾಲೂ ಮಾಡಬೇಕೆಂದರೆ ಪಾಸ್‌ವರ್ಡ್ ಹಾಕಿ ಎಂದು ಪರದೆಯ ಮೇಲೆ ಬಂತು.

ಪಾಸ್‌ವರ್ಡ್ ಸೋಲಾರ್ ಹಾಕಿಸಿದವರ ಹತ್ತಿರ ಇರುವುದಿಲ್ಲ, ಹಾಕಿದವನ ಹತ್ತಿರ ಇರುತ್ತದೆ. ನನ್ನ ಮನೆ, ನನ್ನ ಗೋಡೆ, ನನ್ನ ಡಬ್ಬಿ, ಅದರ ಬೀಗದ ಕೈ ಬೀದರಿನಲ್ಲಿ. ಸೋಲಾರಿನವನ ಫೋನ್ ಬಂದ್ ಆಗಿತ್ತು. ಪ್ರಭಾವತಿ ಹಚ್ಚಿದಳು, ಖದೀರ್ ಭಾಯಿ ಹಚ್ಚಿದರು, ನಾನು ಜರ್ಮನಿಯಿಂದ ಹಚ್ಚಿದೆ. ಅಂಗಡಿಯ ಫೋನೂ ಎತ್ತುವವರಿಲ್ಲ. ಹಬ್ಬ. ಡಬ್ಬಿಗಳಿಗೆ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ, ಬಾಗಿಲು ಹಾಕಿಕೊಂಡು ಹೋಗಿದ್ದರು. ಹೆಲ್ಗಾ ತನ್ನ ಡಬ್ಬಿಯ ಪುಸ್ತಕ ತಂದು ಅದರಲ್ಲಿದ್ದ ಅಂಕಿಗಳನ್ನೆಲ್ಲ ಒಂದೊಂದಾಗಿ ಹೇಳಿದಳು. ಯಾವುದಕ್ಕೂ ಅದು ತೆರೆಯಲಿಲ್ಲ. ಅವಳ ಬಸ್ಸಿನ ವೇಳೆ ಮೀರಿತ್ತು, ಅವಳು ಹೋಗಲಿಲ್ಲ.

ಅಷ್ಟರಲ್ಲಿ ಸಿಲಿಂಡರ್ ಮುಗಿದಿತ್ತು. ಫೋನಿನಲ್ಲಿ ನನ್ನ ಗಂಡ ಕಂಡರು. ಮಂಚದ ಅಂಚಿಗೆ ಕೂತು, ಮೊಣಕಾಲ ಮೇಲೆ ಕೈ ಊರಿದ್ದರು. ಪ್ರತಿ ಉಸಿರಿಗೂ ಭುಜಗಳು ಕಿವಿಯವರೆಗೆ ಏರುತ್ತಿದ್ದವು.

"ಸಾಕು ಬಿಡು. ಆಟೋ ತರಸ್ರಿ," ಎಂದರು. ಅಷ್ಟು ಹೇಳಲು ನಾಲ್ಕು ಉಸಿರು ಹಿಡಿಯಿತು.

ಖದೀರ್ ಭಾಯಿ ಅವರನ್ನು ತೋಳಲ್ಲಿ ಎತ್ತಿಕೊಂಡು ಹೊರಗೋಡಿದರು. ಪ್ರಭಾವತಿ ಅವಸರದಲ್ಲಿ ಫೋನನ್ನು ಮಾಳಿಗೆಯ ಮೆಟ್ಟಿಲ ಮೇಲೆಯೇ ಬಿಟ್ಟು ಹೋದಳು. ಅದು ಆನ್ ಆಗಿಯೇ ಇತ್ತು. ಎಷ್ಟೋ ಹೊತ್ತು ನಾನು ನೋಡಿದ್ದು ನನ್ನ ಮನೆಯ ಮಾಳಿಗೆ, ಮೇಲೆ ನೀಲಿ ಆಕಾಶ, ಸೋಲಾರ್ ಹಲಗೆಗಳ ಅಂಚು, ಅವುಗಳ ಮೇಲೆ ದಂಡಿಯಾಗಿ ಸುರಿಯುತ್ತಿದ್ದ ಬಿಸಿಲು. ಫೋನ್ ಮುಚ್ಚಲು ನನಗೆ ಕೈ ಬರಲಿಲ್ಲ. ಅವರು ಇದ್ದಾರೋ ಇಲ್ಲವೋ ಹೇಳುವವರು ಯಾರೂ ಇರಲಿಲ್ಲ.

ಒಂದೂವರೆ ತಾಸಿನ ಮೇಲೆ ಖದೀರ್ ಭಾಯಿಯ ಫೋನಿನಿಂದ ಸುದ್ದಿ ಬಂತು. ಆಸ್ಪತ್ರೆಯಲ್ಲಿ ಆಮ್ಲಜನಕ ಹಚ್ಚಿದ್ದಾರೆ, ತುಟಿಯ ಬಣ್ಣ ಮರಳಿದೆ. ಮೂರು ದಿನ ಇಟ್ಟುಕೊಂಡರು. ಮೂರನೆಯ ದಿನ ಟಿಸಿ ಬಂತು, ಅವರೂ ಮನೆಗೆ ಬಂದರು. ಡಾಕ್ಟರು ಪ್ರಭಾವತಿಗೆ ಹೇಳಿ ಕಳಿಸಿದರಂತೆ, ಇನ್ನೊಂದು ಸಲ ಹೀಗಾದರೆ ಇಷ್ಟು ಸುಲಭಕ್ಕೆ ಪಾರಾಗುವುದಿಲ್ಲ ಎಂದು.

ವಾಪಸು, ಬೀದರ

ಸವಿತಾ ಓಡಾಡುವಂತಾದಳು, ನನ್ನ ರಜೆ ಮುಗಿಯಿತು. ಹೆಲ್ಗಾ ವಿಮಾನ ನಿಲ್ದಾಣಕ್ಕೆ ಬಿಡಲು ಬಂದು, ದಾರಿಯುದ್ದಕ್ಕೂ ಯಾಕೆ, ಯಾಕೆ ಎಂದು ಕೇಳಿದಳು. ಇದ್ದದ್ದನ್ನು ಯಾಕೆ ಹಚ್ಚಲಿಲ್ಲ? ಸೋಲಾರಿನವನನ್ನು ಕೇಳಿಕೊಂಡೇ ಮನೆಗೆ ಹೋಗಬೇಕು ಎಂದು ತೀರ್ಮಾನಿಸಿದೆ.

ಹೈದರಾಬಾದಿನಿಂದ ಬಸ್ಸು ಬೆಳಿಗ್ಗೆ ಬೀದರಿಗೆ ಬಂತು. ಭಾಲ್ಕಿಯ ಬಸ್ಸು ಎದುರಿಗೇ ನಿಂತಿತ್ತು. ನಾನು ಹತ್ತಲಿಲ್ಲ. ಸೂಟ್‌ಕೇಸು ಎಳೆದುಕೊಂಡು ನೇರ ಸೋಲಾರ್ ಅಂಗಡಿಗೆ ನಡೆದೆ. ಬಾಗಿಲಿಗೆ ಕಟ್ಟಿದ ಹಬ್ಬದ ಹೂ ಒಣಗಿ ಇನ್ನೂ ಜೋತಾಡುತ್ತಿತ್ತು.

"ಬರ್ರಿ ಮೇಡಂ, ಕೂಡ್ರಿ. ಎಲ್ಲಿಂದ ಬರ್ಲಕತ್ತೀರಿ? ಚಾ ತರಸ್ಲಿ?" ಅದೇ ನಗುಮುಖ, ಅದೇ ಇಸ್ತ್ರಿ ಅಂಗಿ.

ಬೂಚಿನ ಫೋಟೋ ತೋರಿಸಿದೆ. "ಇದೇನ್ರಿ?"

"ಅದು ಬ್ಯಾಕಪ್ ರಿ."

"ಯಾಕ ಹಚ್ಚಲಿಲ್ಲ?"

"ಅದಕ್ಕ ಬ್ಯಾರೆ ವೈರಿಂಗ್ ಎಳೀಬೇಕಾಗ್ತದ್ರಿ, ಅರ್ಧಾ ದಿನ ಹೋಗ್ತದ. ನಮ್ಮ ಹುಡುಗ್ರು ದಿನಕ್ಕ ಎರಡು ಮನಿ ಮುಗಸ್ಬೇಕು. ಕೇಳ್ದವ್ರಿಗಿ ಹಾಕಿ ಕೊಡ್ತೇವಿ."

"ನೀವು ನಮ್ಮ ಮನಿಯವರ ಮಂಚದ ಬಾಜೂಕ ನಿಂತು ಚಾ ಕುಡದೀರಿ. ಮಿಷನ್ ನೋಡೀರಿ. ಯಾಕ ಹಾಕಸ್ಲಕತ್ತೇವಿ ಅಂತ ನಾ ನಿಮಗ ಹೇಳೀನಿ."

"ಹೇಳೀರಿ ಮೇಡಂ, ಇಲ್ಲ ಅನ್ನಂಗಿಲ್ಲ. ಆದ್ರ ಬ್ಯಾಕಪ್ ಬೇಕು ಅಂತ ನೀವು ಬಾಯಿ ಬಿಟ್ಟು ಕೇಳಲಿಲ್ರಿ."

ಅವನ ಧ್ವನಿಯಲ್ಲಿ ಹೆದರಿಕೆಯೂ ಇರಲಿಲ್ಲ, ಸೊಕ್ಕೂ ಇರಲಿಲ್ಲ. ಅವನಿಗೆ ಅದು ನಿಜವಾಗಿಯೂ ನನ್ನ ತಪ್ಪು. ಅರ್ಧ ದಿನ ಉಳಿಸಲು ನನ್ನ ಗಂಡನ ಉಸಿರಿಗೆ ಬೂಚು ಹಾಕಿ, ಸಂಜೆ ಮನೆಗೆ ಹೋಗಿ ಊಟ ಮಾಡಿ ಮಲಗಿದ ಮನುಷ್ಯ. ಕಪಾಳಕ್ಕೆ ಹೊಡೆಯಬೇಕೆನಿಸಿತು. ಟೀಚರ್ ಆದವಳ ಕೈಗೆ ಆ ಅಭ್ಯಾಸ ಇಲ್ಲದಿಲ್ಲ.

"ಪಾಸ್‌ವರ್ಡ್ ಕೊಡ್ರಿ. ನಮ್ಮ ಮಿಸ್ತ್ರಿ ಮಾಡ್ತಾರ."

"ಕಂಪನಿ ರೂಲಿಲ್ರಿ. ಸೋಮವಾರ ಹುಡುಗ್ರಿಗಿ ಕಳಸ್ತೇನಿ."

"ಇವತ್ತ ಬರ್ರಿ. ನೀವೇ ಬರ್ರಿ."

"ಇವತ್ತ ಆಗಂಗಿಲ್ರಿ ಮೇಡಂ. ಗಿರಾಕಿ ಬರೋ ಟೈಮು."

"ಬರ್ಲಿ," ಎಂದೆ. "ನಾ ಇಲ್ಲೇ ಕೂಡ್ತೇನಿ. ಬಂದವ್ರಿಗೆಲ್ಲಾ ನನ್ನ ಪ್ರವಾಸದ ಕಥಿ ಹೇಳ್ತೇನಿ."

ಬಾಗಿಲ ಪಕ್ಕದ ಕುರ್ಚಿಯಲ್ಲಿ ಸೂಟ್‌ಕೇಸನ್ನು ಕಾಲಿಗಿಟ್ಟುಕೊಂಡು ಕೂತೆ. ಅವನು ನಕ್ಕ, ತಮಾಷೆ ಎಂದುಕೊಂಡ.

ಮೊದಲು ಬಂದವರು ಔರಾದ ತಾಲೂಕಿನ ಚಿಂತಾಕಿಯ ಗಂಡ ಹೆಂಡತಿ. ನಮಸ್ಕಾರ ಮಾಡಿ ಎಲ್ಲಿಯವರೆಂದು ಕೇಳಿ ಶುರು ಮಾಡಿದೆ. ಲಂಗೋಟಿ, ಕೆಂಪು ಸ್ವಿಚ್ಚು, ಬೂಚು, ವಿಜಯದಶಮಿ, ಒಂದನ್ನೂ ಬಿಡಲಿಲ್ಲ. ಆ ಹೆಂಗಸು ನನ್ನ ಕೈ ಹಿಡಿದುಕೊಂಡು, "ಈಗ ಹ್ಯಾಂಗ ಅದಾರ್ರಿ ನಿಮ್ಮ ಯಜಮಾನ್ರು?" ಎಂದು ಕೇಳಿದರು. ಅಂಗಡಿಯವನು ಇಷ್ಟು ಹೊತ್ತಾದರೂ ಕೇಳದ ಮಾತು. ಆಮೇಲೆ ಅವರು ಗಂಡನಿಗೆ, "ಏಳ್ರಿ, ಮೊದ್ಲ ನಾಕು ಮಂದಿಗಿ ಕೇಳಿ ಬರೋಣು," ಎಂದು ಎದ್ದರು.

ಎರಡನೆಯವರು ಕಮಲನಗರದ ನಿವೃತ್ತ ಮಾಸ್ತರು. ಅವರಿಗೆ ಮರಾಠಿಯಲ್ಲಿ ಹೇಳಿದೆ. ಮರಾಠಿಯಲ್ಲಿ ನನ್ನ ಸಿಟ್ಟು ಇನ್ನೂ ಚೆನ್ನಾಗಿ ಬರುತ್ತದೆ. ಅವರು ಕನ್ನಡಕ ತೆಗೆದು, ಅಂಗಡಿಯವನನ್ನು ಹಿಂದಿನ ಬೆಂಚಿನ ಹುಡುಗನನ್ನು ನೋಡುವಂತೆ ನೋಡಿ, ಹೊರಗೆ ಹೋದರು. ಅಂಗಡಿಯವನ ನಗು ನಿಂತಿತು. ಒಳಗೆ ಹೋಗಿ ಯಾರಿಗೋ ಫೋನ್ ಮಾಡಿದ, ಹೊರಗೆ ಬಂದ, ಮತ್ತೆ ಒಳಗೆ ಹೋದ.

ಮೂರನೆಯವರ ಮೋಟರ್ ಸೈಕಲು ಬಾಗಿಲೆದುರು ನಿಲ್ಲುವ ಹೊತ್ತಿಗೆ ಅವನು ಟೂಲಿನ ಬ್ಯಾಗು, ತಂತಿಯ ಸುರುಳಿ ಹೆಗಲಿಗೆ ಹಾಕಿಕೊಂಡು ಬಂದು ನಿಂತ.

"ನಡ್ರಿ ಮೇಡಂ, ಭಾಲ್ಕಿಗಿ. ಜೀಪ್ ತರಸೀನಿ. ಜಲ್ದಿ ಏಳ್ರಿ."

"ಒಂದು ಹತ್ತು ನಿಮಿಷ ನಿಂದ್ರಿ," ಎಂದೆ. ಮೆಟ್ಟಿಲು ಹತ್ತಿ ಬಂದ ಆ ಮೂರನೆಯವರಿಗೂ ಪೂರ್ತಿ ಹೇಳಿಯೇ ಎದ್ದೆ.